‘ಕೆರೆದು ತೆಗೆಯುವುದು’ ಇನ್ನು ಸಾಕು

ಕಳೆದ ಬೇಸಗೆ ರಜೆಯಲ್ಲಿ ಗೋವಾದ ದಾಬೋಲಿಮ್‌ನಲ್ಲಿರುವ ಬಂಧುಗಳಲ್ಲಿಗೆ ಹೋಗಿದ್ದೆವು. ನೆರೆಯಲ್ಲಿ ವಿಜಯಪುರದ ಕಡೆಯ ಕೂಲಿ ಕುಟುಂಬ. ಆ ಹೆಂಗಸಿಗೆ ಎರಡೂವರೆ ತಿಂಗಳ ಬಸಿರು ಅರ್ಧ ಇಳಿದು, ನಾಲ್ಕು ದಿನಗಳಿಂದ ರಕ್ತ ಹೋಗುತ್ತಿತ್ತು. ಆಸ್ಪತ್ರೆಗೇಕೆ ಹೋಗಲಿಲ್ಲವೆಂದರೆ, “ಕೆರೀತಾರಂತ್ರಿ ಅಕ್ಕಾರ, ಪೊಲೀಸ್ರೂ ಬರ್ತಾರಂತ” ಎಂದಳು.

ಈ ಎರಡು ಭಯಗಳೂ ನಮ್ಮ ಕಾಸರಗೋಡಿನ ಮನೆಗಳಲ್ಲಿಯೂ ಇವೆ. ತಾನಾಗಿ ಇಳಿದುದಕ್ಕೂ ಬೇಡವೆಂದು ತೆಗೆಸಿದುದಕ್ಕೂ ‘ಗರ್ಭಪಾತ’ವೆಂಬ ಒಂದೇ ಮಾತನ್ನು ಬಳಸುತ್ತೇವಷ್ಟೆ. ಒಳಗೆ ಉಳಿದುದಕ್ಕೆ ಚಿಕಿತ್ಸೆ ಪಡೆಯುವುದು ಅಪರಾಧವೇ ಅಲ್ಲ.

ಇನ್ನು ಕೆರೆಯುವ ಮಾತು. ಲೋಹದ ಉಪಕರಣದಿಂದ ಗರ್ಭಕೋಶವನ್ನು ಕೆರೆಯುವ ‘ಡಿ ಅಂಡ್ ಸಿ’ ಹಳೆಯ ಪದ್ಧತಿ. ಗರ್ಭಕೋಶ ತೂತಾಗುವ ಅಪಾಯ ಅದರಲ್ಲಿ ಹೆಚ್ಚು. ಹದಿನಾಲ್ಕು ವಾರದೊಳಗಾದರೆ ಹೀರಿ ತೆಗೆಯುವ ಪದ್ಧತಿಯನ್ನೋ ಮಾತ್ರೆಯನ್ನೋ ಬಳಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2012ರಲ್ಲಿಯೂ 2022ರಲ್ಲಿಯೂ ಹೇಳಿದೆ. 60 ಮಿಲಿಲೀಟರಿನ ಕೈಸಿರಿಂಜು, ಒಂದು ಪ್ಲಾಸ್ಟಿಕ್ ಕೊಳವೆ. ವಿದ್ಯುತ್ತು ಬೇಡ, ಪೂರ್ಣ ಅರಿವಳಿಕೆ ಬೇಡ. ಕೆಲವೇ ನಿಮಿಷಗಳ ಕೆಲಸ. ತರಬೇತಿ ಪಡೆದ ವೈದ್ಯರಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೂ ಸಾಧ್ಯ. ಆದರೂ ಹಳೆಯ ವಾಡಿಕೆಯನ್ನು ಬಿಡದ ವೈದ್ಯರಿದ್ದಾರೆ. (ಹಳೆಯ ಟಿಪ್ಪಣಿಯನ್ನೇ ಓದಿ ಹೇಳುವ ಮಾಸ್ತರರು ನಮ್ಮಲ್ಲಿಯೂ ಇಲ್ಲವೆ?)

‘ಯಾವ ರೀತಿಯಲ್ಲಿ ಮಾಡುತ್ತೀರಿ?’ ಎಂದು ಕೇಳಲು ಭಾಷೆ ಬೇಕಲ್ಲ! ಅಲ್ಲಿ ಕೊಂಕಣಿ, ಇಲ್ಲಿ ಮಲಯಾಳ. ಓದಲಾಗದ ಒಪ್ಪಿಗೆಪತ್ರಕ್ಕೆ ಸಹಿ ಹಾಕುವವರು ನಮ್ಮವರೇ. ಸರಕಾರದೊಡನೆ ಕನ್ನಡದಲ್ಲಿ ಪತ್ರವ್ಯವಹಾರ ನಡೆಸುವ ಹಕ್ಕನ್ನು 1969ರ ಕೇರಳ ಅಧಿಕೃತ ಭಾಷಾ ಕಾಯಿದೆ ನಮಗೆ ಕೊಟ್ಟಿದೆ. ಜಾಗದ ತಕರಾರಿಗೆ ಅದನ್ನು ನೆನಪಿಸಿಕೊಳ್ಳುವ ನಾವು, ಹೆಂಗಸರ ಈ ಕಾಗದವೂ ಕನ್ನಡದಲ್ಲಿರಲೆಂದು ಒಂದು ಅರ್ಜಿ ಬರೆದಿದ್ದೇವೆಯೆ?

ಆಕೆಯನ್ನು ಆಸ್ಪತ್ರೆಗೆ ಕರೆದೊಯ್ದೆವು. ಸಿರಿಂಜಿನಿಂದಲೇ ಆಯಿತು. ಹೊರಬಂದವಳು ಹೇಳಿದ ಮೊದಲ ಮಾತು: “ಕೆರೀಲೇ ಇಲ್ರಿ ಅಕ್ಕಾರ.”