ಸಹಿ ಹಾಕಿ, ಬೇಗ!

ನಾವು ಸಾಫ್ಟ್‌ವೇರಿನವರು ಉದ್ದುದ್ದ ಕರಾರು ತೋರಿಸಿ 'ಐ ಅಗ್ರೀ' ಒತ್ತಿಸಿಕೊಳ್ಳುತ್ತೇವಲ್ಲ, ಆಸ್ಪತ್ರೆಯ ಒಪ್ಪಿಗೆ ಪತ್ರವೂ ಅದೇ ಜಾತಿ. ಇಲ್ಲಿ ಅನ್‌ಇನ್‌ಸ್ಟಾಲ್ ಇಲ್ಲ, ಅಷ್ಟೇ.

1995ರಲ್ಲಿ ದೆಹಲಿಯಲ್ಲಿ ಸಮೀರಾ ಕೊಹ್ಲಿ ಸಹಿ ಹಾಕಿದ್ದು ಲ್ಯಾಪರೊಸ್ಕೋಪಿಗೆ. ಅರಿವಳಿಕೆಯಲ್ಲಿದ್ದಾಗ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ, ಅಂಡಾಶಯಗಳನ್ನೇ ತೆಗೆದರು. ಜೀವಕ್ಕೆ ತಕ್ಷಣದ ಅಪಾಯವಿರಲಿಲ್ಲ, ಎಚ್ಚರವಾದ ಮೇಲೆ ಆಕೆಯನ್ನೇ ಕೇಳಬೇಕಿತ್ತು ಎಂದಿತು ಸುಪ್ರೀಂ ಕೋರ್ಟ್, 2008ರಲ್ಲಿ. ಪರಿಹಾರ 25,000 ರೂಪಾಯಿ! (ಯಾವ ಲೆಕ್ಕವೋ.)

ಡಾಕ್ಟರಿಗೆ ಪುರುಸೊತ್ತಿಲ್ಲ, ಒಪ್ಪೋಣ. ಆದರೆ ಹಳ್ಳಿಯ ಅಜ್ಜಿಗೆ ಇಂಗ್ಲಿಷ್ ಫಾರಂ ಕೊಟ್ಟು ಹೆಬ್ಬೆಟ್ಟು ಒತ್ತಿಸಿಕೊಂಡರೆ ಅದು ಒಪ್ಪಿಗೆ ಹೇಗಾದೀತು? ಏನು ಕೊಯ್ಯುತ್ತಾರೆ, ಕೊಯ್ಯದಿದ್ದರೆ ಏನಾಗುತ್ತದೆ, ಇಷ್ಟನ್ನಾದರೂ ಕನ್ನಡದಲ್ಲಿ ಹೇಳಬೇಡವೇ? ಕನ್ನಡ ಫಾರಂ ಟೈಪಿಸಲು ನಾನು ತಯಾರು. ಡಾಕ್ಟರ್ ಬ್ಲಾಗಿಗರೇ, ಯಾವ ಆಪರೇಷನ್ನಿನಿಂದ ಶುರು ಮಾಡೋಣ?