ಅರ್ಧ ರೇಟಿನ ಕುದುರೆ

ನಮ್ಮ ಹಾಸ್ಟೆಲ್ ರೂಮಿನಲ್ಲಿ ಎರಡು ಪೋಸ್ಟರ್ ಇವೆ. ನನ್ನ ಕಡೆ ಗೋಡೆಗೆ ಫೋರ್ಡ್ ಮಸ್ಟ್ಯಾಂಗ್ ಜಿಟಿ, ರೂಮ್‌ಮೇಟ್ ಕಡೆ ಗೋಡೆಗೆ ಬಿಎಂಡಬ್ಲ್ಯೂ ಎಂ4. ರಾತ್ರಿ ಊಟ ಆದಮೇಲೆ ಯಾವುದು ಮೇಲು ಅಂತ ಜಗಳ ಶುರು. ಇಬ್ಬರ ಹತ್ರಾನೂ ಸೈಕಲ್ ಕೂಡ ಇಲ್ಲ, ಅದು ಬೇರೆ ಮಾತು.

ನಮ್ಮೂರು ಅಫಜಲಪುರ ತಾಲ್ಲೂಕಿನ ಸೊನ್ನ, ಭೀಮಾ ನದಿಗೆ ಬ್ಯಾರೇಜ್ ಕಟ್ಟಿದಾರಲ್ಲ, ಅದೇ ಊರು. ಹೋದ ರಜೆಗೆ ಹೋದಾಗ ಕಾಕಾನಿಗೆ ಮಸ್ಟ್ಯಾಂಗ್ ವಿಡಿಯೊ ತೋರಿಸಿ, “435 ಹಾರ್ಸ್‌ಪವರ್” ಅಂದೆ. ಕಾಕಾ ಕೇಳಿದ್ದು ಒಂದೇ ಮಾತು: “ಅಲ್ಲ ತಮ್ಮಾ, ಎಷ್ಟು ಟನ್ ಕಬ್ಬು ಎಳೀತದ ಇದು?” ಮನೆಯವರೆಲ್ಲ ನಕ್ಕರು. ನಾನು ಮಾತ್ರ ವಾಪಸ್ ಬರೋ ಬಸ್ಸಿನಲ್ಲಿ ಅದನ್ನೇ ಯೋಚಿಸ್ತಾ ಬಂದೆ. ನಾವು ತಿಂಗಳುಗಟ್ಟಲೆ ಕಿರುಚಾಡಿದರೂ ಕೇಳದೇ ಇದ್ದ ಪ್ರಶ್ನೆ ಅದು. ಕೊಟ್ಟ ದುಡ್ಡಿಗೆ ಗಾಡಿ ಏನು ಕೆಲಸ ಮಾಡ್ತದೆ?

ಲೆಕ್ಕ ಹಾಕೋಣ. 2015ರ ಮಾಡೆಲ್ ತಗೊಳ್ಳಿ. ಅಮೆರಿಕದಲ್ಲಿ ಮಸ್ಟ್ಯಾಂಗ್ ಜಿಟಿ ಸುಮಾರು 32 ಸಾವಿರ ಡಾಲರ್, ಎಂ4 ಸುಮಾರು 64 ಸಾವಿರ. ಮೊದಲನೇದರಲ್ಲಿ 5 ಲೀಟರಿನ ವಿ8, 435 ಹಾರ್ಸ್‌ಪವರ್. ಎರಡನೇದರಲ್ಲಿ 3 ಲೀಟರಿನ ಆರು ಸಿಲಿಂಡರ್, ಎರಡು ಟರ್ಬೊ, 425. ಅಂದ್ರೆ ಅರ್ಧ ರೇಟಿಗೆ ಅಷ್ಟೇ ಪವರ್.

ಹಂಗಾದ್ರೆ ಉಳಿದ 32 ಸಾವಿರ ಡಾಲರ್ ಬರೀ ಬ್ಯಾಡ್ಜಿಗಾ? ಅಲ್ಲ, ಇಲ್ಲಿ ನನ್ನ ರೂಮ್‌ಮೇಟ್ ಮಾತೂ ಖರೆ. ಎಂ4ನ ಮೇಲ್ಛಾವಣಿ ಕಾರ್ಬನ್ ಫೈಬರ್, ಡ್ರೈವ್ ಶಾಫ್ಟೂ ಕಾರ್ಬನ್ ಫೈಬರ್. ತೂಕ ಕಡಿಮೆ, ತಿರುವಿನಲ್ಲಿ ಹಿಡಿತ ಜಾಸ್ತಿ. ಮಸ್ಟ್ಯಾಂಗ್ ಆದರೋ 50 ವರ್ಷ ಹೆಚ್ಚೂಕಡಿಮೆ ಒಂದೇ ಗಟ್ಟಿ ಹಿಂದಿನ ಆಕ್ಸಲ್ ಮೇಲೆ ಓಡಿತು. ನಮ್ಮೂರಿನ ಎತ್ತಿನ ಬಂಡಿ ನೋಡಿದವರಿಗೆ ಇದು ಬಿಡಿಸಿ ಹೇಳಬೇಕಿಲ್ಲ. ಒಂದು ಗಾಲಿ ತಗ್ಗಿಗೆ ಬಿದ್ದರೆ ಇನ್ನೊಂದು ಗಾಲಿಯೂ ವಾಲ್ತದೆ. ಎರಡೂ ಗಾಲಿಗೆ ಬೇರೆ ಬೇರೆ ಸಸ್ಪೆನ್ಷನ್ ಎಲ್ಲ ಮಸ್ಟ್ಯಾಂಗಿಗೂ ಬಂದಿದ್ದು ಈ 2015ರ ಮಾಡೆಲ್‌ನಲ್ಲೇ.

ಆದ್ರೂ ನನ್ನ ವೋಟು ಮಸ್ಟ್ಯಾಂಗಿಗೇ. 1964ರ ಏಪ್ರಿಲ್‌ನಲ್ಲಿ ಅದು ಬಂದಾಗ ಬೆಲೆ 2,368 ಡಾಲರ್. ಅಷ್ಟು ಕಡಿಮೆಗೆ ಹೆಂಗೆ ಕೊಟ್ಟರು? ಫಾಲ್ಕನ್ ಅನ್ನೋ ಸಾದಾ ಫ್ಯಾಮಿಲಿ ಕಾರಿನ ಭಾಗಗಳನ್ನೇ ಬಳಸಿಕೊಂಡರು. 1964ರ ಮಾಡೆಲ್‌ಗೇ ಪಾಂಟಿಯಾಕ್ ಕಂಪನಿಯೂ ಟೆಂಪೆಸ್ಟ್ ಅನ್ನೋ ಸಾದಾ ಕಾರಿಗೆ ದೊಡ್ಡ ಇಂಜಿನ್ ಕೂಡಿಸಿ ಜಿಟಿಒ ಮಾಡಿತು. ಮಸಲ್ ಕಾರ್ ಅಂದ್ರೆ ಇಷ್ಟೇ: ಇರೋ ಸಾಮಾನಿನಲ್ಲೇ, ಸಾದಾ ಸಂಬಳದವನ ಕೈಗೆ ಸಿಗೋ ಹಂಗೆ ಮಾಡಿದ ಗಾಡಿ. ದುಡ್ಡು ಸುರಿದು ಒಳ್ಳೆ ಕಾರ್ ಮಾಡೋದೂ ಎಂಜಿನಿಯರಿಂಗೇ, ಆದ್ರೆ ದುಡ್ಡಿಲ್ಲದೆ ಮಾಡೋ ಪೇಪರ್ ಇನ್ನೂ ಟಫ್.

ಬೇಜಾರಿನ ಸಂಗತಿ ಏನಂದ್ರೆ, ಈ ಅರ್ಧ ರೇಟಿನ ಕುದುರೆ ನಮ್ಮ ದೇಶಕ್ಕೆ ಬರೋ ಹೊತ್ತಿಗೆ ಪೂರ್ತಿ ರೇಟಿಗಿಂತ ಜಾಸ್ತಿ ಆಯ್ತು. 2016ರಲ್ಲಿ ಇಲ್ಲಿ ಮಸ್ಟ್ಯಾಂಗಿಗೆ ಶೋರೂಮ್ ಬೆಲೆಯೇ ಸುಮಾರು 65 ಲಕ್ಷ. ಆವಾಗಿನ ನಿಯಮದ ಪ್ರಕಾರ ಪೂರ್ತಿ ತಯಾರಾಗಿ ಬರೋ ಪೆಟ್ರೋಲ್ ಕಾರಿನ ಇಂಜಿನ್ 3000 ಸಿಸಿ ದಾಟಿದರೆ, ಕಾರ್ ಅಗ್ಗದ್ದೇ ಇರಲಿ, 100% ಕಸ್ಟಮ್ಸ್ ಸುಂಕ. ಮೇಲೆ ಕರ್ನಾಟಕದ ರೋಡ್ ಟ್ಯಾಕ್ಸ್ 18% ಅಂದ್ರೆ ಮತ್ತೆ 11 ಲಕ್ಷ 70 ಸಾವಿರ. ಆ ಟ್ಯಾಕ್ಸ್ ದುಡ್ಡಿಗೆ ಕಾಕಾ ಹೊಸ ಟ್ರ್ಯಾಕ್ಟರ್ ತರ್ತಾರೆ, ಅದು ಕಬ್ಬೂ ಎಳೀತದೆ.

ನಮ್ಮಲ್ಲಿ ಯಾರೂ ಟ್ರೈ ಮಾಡಿಲ್ಲ ಅಂತಲ್ಲ. 2018ರಲ್ಲಿ ಟಾಟಾದವರು ಕೊಯಮತ್ತೂರಿನ ಜಯೆಮ್ ಜೊತೆ ಸೇರಿ ಟಿಯಾಗೊ ಜೆಟಿಪಿ ತಂದರು. ಅದೇ ಸಾದಾ ಟಿಯಾಗೊ, 1.2 ಲೀಟರ್ ಟರ್ಬೊ ಇಂಜಿನ್, 114 ಪಿಎಸ್, ಬೆಲೆ 6.39 ಲಕ್ಷ. 1964ರ ರೆಸಿಪಿನೇ ಇದು. ಎರಡು ವರ್ಷದೊಳಗೆ ಮಾರಾಟ ನಿಂತೇ ಹೋಯ್ತು. ಅದರ ಪೋಸ್ಟರ್ ನಮ್ಮ ಹಾಸ್ಟೆಲ್‌ನಲ್ಲಿ ಒಂದು ರೂಮಿನಲ್ಲೂ ಇಲ್ಲ, ನನ್ನ ರೂಮಿನಲ್ಲೂ ಇಲ್ಲ. ನಾಚಿಕೆ ಆಗ್ತದೆ.

ಈಗ ನಮ್ಮ ಗೋ-ಕಾರ್ಟ್ ಟೀಮಿನಲ್ಲೂ ಇದೇ ಜಗಳ ನಡೀತಿದೆ. ಚಂದಾ ಕೂಡಿಸಿದ ದುಡ್ಡು ಸ್ವಲ್ಪೇ ಇದೆ. ಅರ್ಧ ಜನಕ್ಕೆ ಹೊಸ ದೊಡ್ಡ ಇಂಜಿನ್ ಬೇಕು. ನಾನು ಹೇಳೋದು, ಇಂಜಿನ್ ಹಳೇ ಬೈಕಿಂದು ಗುಜರಿಯಲ್ಲಿ ಹುಡುಕೋಣ, ಉಳಿದ ದುಡ್ಡು ಬ್ರೇಕು, ಸ್ಟೀರಿಂಗಿಗೆ ಹಾಕೋಣ. ಆ ಕಾಲದ ಮಸಲ್ ಕಾರುಗಳು ಓಡೋದರಲ್ಲಿ ಜೋರು, ನಿಲ್ಲೋದರಲ್ಲಿ ವೀಕು. ಆ ತಪ್ಪನ್ನ ನಾವು ಮತ್ತೆ ಮಾಡೋದು ಬೇಡ. ರೂಮ್‌ಮೇಟ್ ಇದೊಂದು ಮಾತಿಗೆ ಮಾತ್ರ ನನ್ನ ಕಡೆ ಇದ್ದಾನೆ. ನೀವು ಯಾವ ಕಡೆ? ವರ್ಕ್‌ಶಾಪ್ ಹತ್ರ ಸಿಗ್ತೀನಿ, ಬಂದು ಜಗಳ ಆಡಿ.