ಹಬ್ಬದ ಮನೆಗೆ ಅತಿಥಿಯಾಗಿ

ಮಲೆನಾಡಿನಲ್ಲಿ ಡಿಸೆಂಬರ್ ಎಂದರೆ ಅಡಿಕೆ ಕೊಯ್ಲು. ಸಾಗರ, ಹೊಸನಗರದ ಮನೆಗಳಲ್ಲಿ ಅಡಿಕೆ ಸುಲಿಯುವವರ ಮಾತುಕತೆ. ತೀರ್ಥಹಳ್ಳಿಯಲ್ಲಿ ಎಳ್ಳಮಾವಾಸ್ಯೆ ಜಾತ್ರೆಯ ನಿರೀಕ್ಷೆ. ಅದೇ ಹೊತ್ತಿಗೆ ಈ ಊರುಗಳಿಂದ ಇಂಗ್ಲೆಂಡಿಗೆ ಓದಲು ಹೋದ ಮಗನ ಅಥವಾ ಮಗಳ ಹಾಸ್ಟೆಲ್ ಖಾಲಿಯಾಗತೊಡಗುತ್ತದೆ. ಸಂಜೆ ನಾಲ್ಕಕ್ಕೆಲ್ಲ ಕತ್ತಲು. 25ನೇ ತಾರೀಖು ರೈಲು ಓಡುವುದಿಲ್ಲ. ಹೆಚ್ಚಿನ ಅಂಗಡಿಗಳ ಬಾಗಿಲು ಹಾಕಿರುತ್ತದೆ. ಪರೀಕ್ಷೆಯ ದಿನಗಳಿಗಿಂತ ಇಂಥ ರಜೆಯ ದಿನಗಳಲ್ಲೇ ಒಂಟಿತನ ಹೆಚ್ಚು ಕಾಡುತ್ತದೆ.

ಆಗ ಸಹಪಾಠಿಯ ಮನೆಯಿಂದ ಕ್ರಿಸ್‌ಮಸ್ಸಿಗೆ ಕರೆ ಬಂದರೆ ವಿದ್ಯಾರ್ಥಿಗೆ ಸಂತೋಷ, ಊರಿನಲ್ಲಿ ಹೆತ್ತವರಿಗೆ ಗೊಂದಲ. ಬೇರೆಯವರ ಹಬ್ಬಕ್ಕೆ ಹೋಗಬಹುದೇ? ಅಲ್ಲಿ ಏನು ತಿನ್ನುತ್ತಾನೋ? ನಮ್ಮತನ ಉಳಿದೀತೇ?

ಮೊದಲ ಪ್ರಶ್ನೆಗೆ ಉತ್ತರ ಮಲೆನಾಡಿನಲ್ಲೇ ಇದೆ. ದೀಪಾವಳಿಯ ರಾತ್ರಿ ಅಂಟಿಗೆ-ಪಂಟಿಗೆಯವರು ದೀಪ ಹಿಡಿದು ಮನೆಯಿಂದ ಮನೆಗೆ ಹಾಡುತ್ತ ಬರುತ್ತಾರೆ. ಎಷ್ಟು ಹೊತ್ತಾಗಿದ್ದರೂ ಮನೆಯವರು ಎದ್ದು ಬಾಗಿಲು ತೆರೆದು, ದೀಪಕ್ಕೆ ಎಣ್ಣೆ ಎರೆದು, ಅಕ್ಕಿ, ಕಾಯಿ, ಕಾಣಿಕೆ ಕೊಡುತ್ತಾರೆ. ಇಂಗ್ಲೆಂಡಿನಲ್ಲಿಯೂ ಕ್ರಿಸ್‌ಮಸ್ ಕಾಲದಲ್ಲಿ ಮನೆ ಬಾಗಿಲಲ್ಲಿ ನಿಂತು ಕ್ಯಾರಲ್ ಹಾಡುವ ವಾಡಿಕೆಯಿದೆ. ಹಾಡಿದವರಿಗೆ ತಿಂಡಿಯೋ ಕಾಸೋ ಸಿಗುತ್ತದೆ. ದೇವರು ಬೇರೆ, ಹಾಡು ಬೇರೆ. ಬಾಗಿಲು ತೆರೆಯುವ ರೀತಿ ಒಂದೇ.

ಇಂಥ ಆತಿಥ್ಯವನ್ನೇ ಆಧಾರ ಮಾಡಿಕೊಂಡ ಸಂಸ್ಥೆಗಳೂ ಇವೆ. ಮಹಾಯುದ್ಧಗಳಲ್ಲಿ ಗಾಯಾಳುಗಳನ್ನು ಸಾಗಿಸಿದ ಅಮೆರಿಕದ ಆಂಬುಲೆನ್ಸ್ ಸ್ವಯಂಸೇವಕರು ಕಟ್ಟಿದ ಎಎಫ್‌ಎಸ್, 1947ರಿಂದ ಹೈಸ್ಕೂಲು ವಿದ್ಯಾರ್ಥಿಗಳನ್ನು ಪರದೇಶದ ಕುಟುಂಬಗಳಲ್ಲಿ ಇರಿಸುತ್ತಿದೆ. ಯುದ್ಧ ಕಂಡವರಿಗೆ, ಒಂದೇ ಮೇಜಿನಲ್ಲಿ ಉಂಡವರು ಶತ್ರುಗಳಾಗುವುದು ಕಷ್ಟವೆನಿಸಿದ್ದು ಸಹಜ.

ಊಟದ ವಿಚಾರ ಮಾತ್ರ ಮೊದಲೇ ಹೇಳಬೇಕಾದದ್ದು. ಬಡಿಸಿದ ಮೇಲೆ ಬೇಡವೆಂದರೆ ಎರಡೂ ಕಡೆಗೆ ಮುಜುಗರ. ಬರಿಯ ‘ಸಸ್ಯಾಹಾರಿ’ ಎಂಬ ಮಾತು ಸಾಲದು; ಮೊಟ್ಟೆ, ಮೀನು ನಡೆಯುತ್ತದೆಯೇ ಎಂದು ಬಿಡಿಸಿ ಹೇಳಬೇಕು. ಸಿಹಿಯಲ್ಲೂ ಎಚ್ಚರ ಬೇಕು. ಸಾಂಪ್ರದಾಯಿಕ ಕ್ರಿಸ್‌ಮಸ್ ಪುಡಿಂಗಿಗೆ ದನದ ಕೊಬ್ಬು ಸೇರಿಸುವುದುಂಟು, ಬ್ರಾಂದಿಯೂ ಇರುತ್ತದೆ. ಕೊಬ್ಬಿಲ್ಲದ ಪುಡಿಂಗ್ ಅಂಗಡಿಯಲ್ಲಿ ಸಿಗುತ್ತದೆ. ವಾರ ಮುಂಚೆ ತಿಳಿದರೆ ಮನೆಯವರು ಅದನ್ನೇ ತಂದಾರು.

ಬರಿಗೈಯಲ್ಲಿ ಹೋಗುವುದು ಅಲ್ಲಿಯೂ ಶೋಭೆಯಲ್ಲ. ಬೆಲೆಬಾಳುವ ವಸ್ತು ಬೇಕಿಲ್ಲ. ಸಾಗರದ ಕಡೆಯ ದೀವರ ಹೆಣ್ಣುಮಕ್ಕಳು ಬರೆಯುವ ಹಸೆ ಚಿತ್ತಾರದ ಒಂದು ಹಾಳೆ ಪೆಟ್ಟಿಗೆಯಲ್ಲಿ ಜಾಗ ಹಿಡಿಯದು. ಕೆಮ್ಮಣ್ಣಿನ ಮೇಲೆ ಅಕ್ಕಿಯ ಬಿಳುಪು, ಪುಂಡಿ ನಾರಿನ ಕುಂಚ, ಭೂಮಿ ಹುಣ್ಣಿಮೆಗೆ ಬುಟ್ಟಿಗೆ ಬಳಿಯುವ ಚಿತ್ತಾರ ಎಂದು ವಿವರಿಸಲು ಹೊರಟರೆ ಊಟ ಮುಗಿಯುವ ತನಕ ಮಾತಿಗೆ ಬರವಿಲ್ಲ. ಆದರೆ ವಿವರಿಸಲು ಮಕ್ಕಳಿಗೆ ಅದು ಗೊತ್ತಿರಬೇಕಲ್ಲ! ಊರು ಬಿಡುವ ಮೊದಲು ಕಲಿಯಬೇಕಾದ ಪಾಠಗಳಲ್ಲಿ ಇದೂ ಒಂದು. ಊಟವಾದ ಮೇಲೆ ತಟ್ಟೆ ತೊಳೆಯಲು ಕೈ ಹಾಕುವುದು, ಮರುವಾರ ಕೃತಜ್ಞತೆಯ ಪತ್ರ ಬರೆಯುವುದು ಉಳಿದ ಪಾಠಗಳು.

ಹೆತ್ತವರಿಗೂ ಒಂದು ಸೂಚನೆ. ಚಳಿಗಾಲದಲ್ಲಿ ಇಂಗ್ಲೆಂಡಿನ ಗಡಿಯಾರ ನಮಗಿಂತ ಐದೂವರೆ ಗಂಟೆ ಹಿಂದೆ. ಇಲ್ಲಿ ರಾತ್ರಿ ಏಳೂವರೆಗೆ ಫೋನು ಮಾಡಿದರೆ ಅಲ್ಲಿ ಮಧ್ಯಾಹ್ನ ಎರಡು. ಬಹಳಷ್ಟು ಮನೆಗಳಲ್ಲಿ ಹಬ್ಬದೂಟದ ಸಮಯ. ಸಾಯಂಕಾಲದ ಬದಲು ಮಧ್ಯಾಹ್ನವೇ ಮಾತಾಡುವುದು ಒಳಿತು.

ನಮ್ಮತನದ ಭಯಕ್ಕೆ ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯಲ್ಲಿ ಹುಟ್ಟಿದ ಯು.ಆರ್. ಅನಂತಮೂರ್ತಿಯವರೇ ಉತ್ತರ. 1965ರಲ್ಲಿ ಪ್ರಕಟವಾದ ‘ಸಂಸ್ಕಾರ’ವನ್ನು ಅವರು ಬರೆದದ್ದು ಬರ್ಮಿಂಗ್‌ಹ್ಯಾಂನಲ್ಲಿ ಓದುತ್ತಿದ್ದಾಗ. ದೂರ ಹೋದವರಿಗೆ ಊರು ಕೆಲವೊಮ್ಮೆ ಇನ್ನಷ್ಟು ಸ್ಪಷ್ಟವಾಗಿ ಕಾಣುತ್ತದೆ.

ಪರದೇಶದ ಉಪಕಾರವನ್ನು ತೀರಿಸಲು ವಿಮಾನ ಹತ್ತಬೇಕಾಗಿಲ್ಲ. ಸಾಗರದಲ್ಲೋ ತೀರ್ಥಹಳ್ಳಿಯಲ್ಲೋ ದೀಪಾವಳಿಗೆ ಊರಿಗೆ ಹೋಗಲಾಗದೆ ಹಾಸ್ಟೆಲಿನಲ್ಲಿ ಉಳಿದ ದೂರದೂರಿನ ಹುಡುಗನೊಬ್ಬ ಇದ್ದೇ ಇರುತ್ತಾನೆ. ಅವನನ್ನು ಹಬ್ಬದೂಟಕ್ಕೆ ಕರೆದರೆ ಲೆಕ್ಕ ಚುಕ್ತಾ.